ದೇವತೆಗಳಿಗೂ ಆಯಸ್ಸು ಮುಗಿಯುತ್ತದೆ! ನಿಮಗಿದು ಗೊತ್ತೇ?

ರಿಕ್ ರಿಯೋರ್ಡನ್ ಬರೆದ ಪರ್ಸಿ ಜಾಕ್ಸನ್ ಸರಣಿಯ ಐದನೇ ಪುಸ್ತಕದಲ್ಲಿ (2009) ಗ್ರೀಕ್ ದೇವತೆಗಳ ಒಡೆಯ ಜ್ಯೂಸ್ ಹದಿನಾರರ ಪರ್ಸಿಗೆ ಅಮರತ್ವ ಕೊಡಲು ಮುಂದಾಗುತ್ತಾನೆ. ಹುಡುಗ ‘ಬೇಡ’ ಎನ್ನುತ್ತಾನೆ! ಓದಿದ ಮಕ್ಕಳು ಬೆರಗಾಗುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ ಕಡೆಯ ಜೈನ ಅಜ್ಜಿಯರು ಮಾತ್ರ ಬೆರಗಾಗಲಿಕ್ಕಿಲ್ಲ. ಜೈನರ ಲೆಕ್ಕದಲ್ಲಿ ಸ್ವರ್ಗದಿಂದ ಮೋಕ್ಷಕ್ಕೆ ನೇರ ದಾರಿಯಿಲ್ಲ. ಇಂದ್ರನೇ ಆದರೂ ಒಮ್ಮೆ ಮನುಷ್ಯನಾಗಿ ಹುಟ್ಟಿ ಬರಲೇಬೇಕು.

ಹಾಗಾದರೆ ದೇವತೆಗಳ ಆಯಸ್ಸೆಷ್ಟು? ಕನಿಷ್ಠ 10,000 ವರ್ಷ, ಗರಿಷ್ಠ 33 ಸಾಗರೋಪಮ. ಈ ಸಾಗರೋಪಮದ ಲೆಕ್ಕ ಶುರುವಾಗುವುದೇ ಹೀಗೆ: ಒಂದು ಯೋಜನ ಅಗಲ, ಅಷ್ಟೇ ಆಳದ ಗುಂಡಿ. ನಮ್ಮ ಕಡೆ ಜೋಳ ತುಂಬಿಡುವ ಹಗೇವು ಇದ್ದಂತೆ ಅನ್ನಿ. ಅದರ ತುಂಬ ಕುರಿಮರಿಯ ಕೂದಲಿನ ಸಣ್ಣ ಸಣ್ಣ ತುಣುಕು. 100 ವರ್ಷಕ್ಕೊಂದು ತುಣುಕು ತೆಗೆಯುತ್ತ ಹೋಗಬೇಕು, ಗುಂಡಿ ಬರಿದಾಗುವವರೆಗೆ. ಇದು ಬರೀ ಮೊದಲ ಮೆಟ್ಟಿಲು!

ಅಷ್ಟು ದೀರ್ಘ ಆಯಸ್ಸಿಗೂ ಮುನ್ಸೂಚನೆ ಉಂಟು. ಸಾವಿಗೆ ಆರು ತಿಂಗಳಿರುವಾಗ ದೇವತೆಯ ಕೊರಳ ಹೂಮಾಲೆ ಬಾಡುತ್ತದೆ. ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಲಲಿತಾಂಗನೆಂಬ ದೇವನ ಗತಿ ಇದೇ. ದೇವನರ್ತಕಿ ನೀಲಾಂಜನೆಯದು ಇನ್ನೂ ದಿಢೀರ್: ಕುಣಿಯುತ್ತಿದ್ದಂತೆಯೇ ಮಾಯ. ಇಂದ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಅವಳಂಥದೇ ಇನ್ನೊಬ್ಬಳನ್ನು ರಂಗಕ್ಕೆ ತಂದ. ಸಭೆಗೆ ತಿಳಿಯಲಿಲ್ಲ, ಆಗ ರಾಜನಾಗಿದ್ದ ಮೊದಲ ತೀರ್ಥಂಕರ ವೃಷಭನಾಥನಿಗೆ ತಿಳಿಯಿತು. ರಾಜ್ಯ ಬಿಟ್ಟು ಹೊರಟ.

ಹಾಗೆ ಎಲ್ಲ ಬಿಟ್ಟು ಹೊರಟ ಜೈನ ಮುನಿಗಳು ನಮ್ಮ ಕಡೆಯೂ ಉಂಟು. ದೂಧಗಂಗಾ, ವೇದಗಂಗಾ ನದಿಗಳು ಕೂಡುವಲ್ಲಿ ಭೋಜ ಎಂಬ ಊರಿದೆ. 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರ ಮನೆತನ ಆ ಊರಿನದು. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ತಾವಾಗಿಯೇ ಅನ್ನ ಬಿಟ್ಟು ಸಲ್ಲೇಖನ ಹಿಡಿದರು; 36ನೇ ದಿನ, ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿ 18ರಂದು ಡೋಂಗರಗಢದಲ್ಲಿ ಅದೇ ದಾರಿ ತುಳಿದರು. ಕಾಗವಾಡ ಕಡೆಯ ಶೇಡಬಾಳ ಆಚಾರ್ಯ ವಿದ್ಯಾನಂದರ (1925–2019) ಹುಟ್ಟೂರು. ಇಷ್ಟು ಹತ್ತಿರ ಹತ್ತಿರ ಮೂವರು!

ಇನ್ನು ಹಿಂದೂ ಪುರಾಣಗಳ ದೇವತೆಗಳು. ಅಮೃತ ಕುಡಿದರೆ ಏಟು ಬೀಳುವುದಿಲ್ಲವೇ? ಬೀಳುತ್ತದೆ! ಕೃಷ್ಣೆಯ ದಂಡೆಯ ಯಡೂರಿನ ವೀರಭದ್ರನನ್ನೇ ಕೇಳಿ. ದಕ್ಷಯಜ್ಞದಲ್ಲಿ ಅವನು ಪೂಷನೆಂಬ ದೇವತೆಯ ಹಲ್ಲು ಉದುರಿಸಿದ. ಪೂಷ ಸಾಯಲಿಲ್ಲ ನಿಜ, ಹಲ್ಲೂ ಮತ್ತೆ ಬರಲಿಲ್ಲ. ಅದಕ್ಕೇ ಯಜ್ಞದಲ್ಲಿ ಅವನ ಪಾಲಿಗೆ ಹಿಟ್ಟಿನ ಮೆತ್ತನೆಯ ಹವಿಸ್ಸು. ದಕ್ಷನಿಗೆ ಟಗರಿನ ತಲೆ ಬಂದದ್ದಂತೂ ಎಲ್ಲರಿಗೂ ಗೊತ್ತು.

ಜುಗೂಳದಿಂದ ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿನ ಕೋಪೇಶ್ವರ ಎಂಬ ಶಿವನ ಮುಂದೆ ನಂದಿಯೇ ಇಲ್ಲ! ದಕ್ಷನ ಮಗಳು ಸತಿ ನಂದಿಯನ್ನೇರಿ ತವರಿನ ಯಜ್ಞಕ್ಕೆ ಹೋದಳು, ಅದು ಯಡೂರಿನಲ್ಲೇ ಉಳಿಯಿತು ಎನ್ನುತ್ತಾರೆ ಜನ. ಗುಡಿಯ 48 ಕಂಬಗಳ ಸ್ವರ್ಗಮಂಟಪಕ್ಕೆ ನಡುವೆ ಮಾಳಿಗೆ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ.

ಸಾಯದೆ ಉಳಿಯುವ ಆಸೆ ಇಂದಿನ ಮಕ್ಕಳ ಕಥೆಗಳಲ್ಲೂ ಇದೆ. ಹ್ಯಾರಿ ಪಾಟರ್ ಕಥೆಯಲ್ಲಿ 665 ವರ್ಷ ಬದುಕಿದ ನಿಕೋಲಸ್ ಫ್ಲಮೆಲ್ ನಿಜಕ್ಕೂ ಇದ್ದವನು. ಪ್ಯಾರಿಸ್ಸಿನ ಲಿಪಿಕಾರ, ತೀರಿಕೊಂಡದ್ದು 1418ರಲ್ಲಿ.

ರೋಶನಿ ಚೋಕ್ಷಿ ಬರೆದ ‘ಆರು ಶಾ’ ಸರಣಿಯಲ್ಲಿ (2018–2022) ಪಾಂಡವರು ಹುಡುಗಿಯರಾಗಿ ಮರುಹುಟ್ಟು ಪಡೆಯುತ್ತಾರೆ. ಕೊನೆಯ ಪುಸ್ತಕದ ಹೆಸರಿನಲ್ಲೇ ಅಮೃತವಿದೆ.

ನಮ್ಮ ಕಡೆಯ ಜನ ಮಾತ್ರ ಅಮೃತ ಬೇಡುವುದಿಲ್ಲ. ರಾಯಬಾಗ ಕಡೆಯ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ಮಾಘದ ಭಾರತ ಹುಣ್ಣಿಮೆಗೆ. ಮಹಾರಾಷ್ಟ್ರದಿಂದಲೂ ಎತ್ತಿನ ಗಾಡಿ ಕಟ್ಟಿ ಬರುತ್ತಾರೆ, ಭಂಡಾರ ಎರಚುತ್ತಾರೆ. ಬೇಡುವುದು ಮಳೆ, ಬೆಳೆ, ದನಕರು, ಮಕ್ಕಳು.

ಇನ್ನು ಅಶ್ವತ್ಥಾಮ. ಚಿರಂಜೀವಿಗಳ ಪಟ್ಟಿಯಲ್ಲಿ ಅವನ ಹೆಸರೇ ಮೊದಲು. ಆದರೆ ಮಹಾಭಾರತದ ಸೌಪ್ತಿಕಪರ್ವದಲ್ಲಿ ಕೃಷ್ಣ ಅವನಿಗೆ ಕೊಟ್ಟ ಅಲೆದಾಟದ ಶಾಪದ ಅವಧಿ 3000 ವರ್ಷ ಮಾತ್ರ! ಪಂಚಾಂಗದವರ ಪ್ರಕಾರ ಕಲಿಯುಗ ಶುರುವಾದದ್ದು ಕ್ರಿ.ಪೂ. 3102ರಲ್ಲಿ, ಕುರುಕ್ಷೇತ್ರ ಯುದ್ಧ ಅದಕ್ಕೂ ಮುಂಚೆ. ಆ ಲೆಕ್ಕ ಹಿಡಿದರೆ ಅವನ ಶಿಕ್ಷೆ ಮುಗಿದು 2000 ವರ್ಷ ದಾಟಿದೆ. ‘ಕಲ್ಕಿ 2898 ಎಡಿ’ ಸಿನಿಮಾದವರು ಮಾತ್ರ ಅವನನ್ನು ಇನ್ನೂ ಬಿಟ್ಟಿಲ್ಲ.