ಮೊಣಕಾಲಿಗೆ 'ಜೆಲ್ ಇಂಜೆಕ್ಷನ್': ರಜೆಯಲ್ಲಿ ಊರಿಗೆ ಹೋದಾಗ ಹಾಕಿಸಿಕೊಳ್ಳಬೇಕೇ?

ಗಲ್ಫ್‌ನಲ್ಲಿ ಟೈಲ್ಸ್, ಪ್ಲಂಬಿಂಗ್, ಸ್ಟೀಲ್ ಕಟ್ಟುವ ಕೆಲಸ ಮಾಡುವವರಿಗೆ ಮೊಣಕಾಲು ನೋವು ಹೊಸತಲ್ಲ. ದಿನವಿಡೀ ಮಂಡಿಯೂರಿ, ಏಣಿ ಹತ್ತಿಳಿದು, ನಲವತ್ತೈದು ದಾಟುವಷ್ಟರಲ್ಲಿ ಕಾಲು ಮಾತು ಕೇಳುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಡಾಕ್ಟರ್ ಎಕ್ಸ್‌ರೇ ನೋಡಿ "ಸವೆದಿದೆ, ಜೆಲ್ ಇಂಜೆಕ್ಷನ್ ಹಾಕಿಸೋಣ" ಅನ್ನುತ್ತಾರೆ. ಸಾವಿರಾರು ರೂಪಾಯಿಯ ಮಾತು. ಹಾಕಿಸುವ ಮೊದಲು ಅದೇನೆಂದು ತಿಳಿದಿರುವುದು ಒಳ್ಳೆಯದು.

ಆ ಜೆಲ್‌ನ ಹೆಸರು ಹೈಲುರಾನಿಕ್ ಆಸಿಡ್. ಬ್ಯಾಟರಿ ಆಸಿಡ್ ನೆನೆದು ಹೆದರಬೇಕಿಲ್ಲ. ಇದು ಮನುಷ್ಯರ ಮೈಯಲ್ಲೇ ಇರುವ, ನೀರು ಹಿಡಿದಿಟ್ಟುಕೊಳ್ಳುವ ವಸ್ತು. 70 ಕಿಲೋ ತೂಕದವರಲ್ಲಿ ಸುಮಾರು 15 ಗ್ರಾಂ ಇರುತ್ತದೆ, ಚರ್ಮ, ಕಣ್ಣು, ಕೀಲುಗಳಲ್ಲಿ ಹಂಚಿಕೊಂಡು. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನಿಂದ ಮೊದಲು ಬೇರ್ಪಡಿಸಿದರು. ಮುಂದೆ ಹುಂಜದ ಜುಟ್ಟಿನಿಂದ ತೆಗೆಯತೊಡಗಿದರು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ಹುಂಜದಿಂದ ತೆಗೆದ ಔಷಧ ಇನ್ನೂ ಇದೆ. ಕೋಳಿ, ಮೊಟ್ಟೆಯ ಅಲರ್ಜಿ ಇದ್ದವರು ಡಾಕ್ಟರ್‌ಗೆ ಮೊದಲೇ ಹೇಳಬೇಕು.

ಒಳ್ಳೆಯ ಮೊಣಕಾಲಿನೊಳಗೆ ಈ ಜೆಲ್ ಗಾಡಿಯ ಎಂಜಿನ್ ಆಯಿಲ್ ಹಾಗೆ. ಸವೆದ ಕೀಲಿನಲ್ಲಿ ಅದು ತೆಳುವಾಗುತ್ತದೆ. ಹೊರಗಿನಿಂದ ತುಂಬಿದರೆ ಸರಿಯಾದೀತು ಎಂಬುದು ಇಂಜೆಕ್ಷನ್‌ನ ಹಿಂದಿನ ಲೆಕ್ಕ. ಅಮೆರಿಕದಲ್ಲಿ ಇದಕ್ಕೆ 1997ರಲ್ಲಿ ಅನುಮತಿ ಸಿಕ್ಕಿತು.

ಲೆಕ್ಕ ಸರಿಯಿದ್ದರೂ ಫಲಿತಾಂಶ ಅಷ್ಟಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವರದಿಯ ಪ್ರಕಾರ, ಬರೀ ಉಪ್ಪುನೀರಿನಂಥ ಸುಳ್ಳು ಇಂಜೆಕ್ಷನ್‌ಗಿಂತ ಇದರಿಂದ ನೋವು ಕಡಿಮೆಯಾಗುವುದು ತೀರಾ ಸ್ವಲ್ಪ. ಎಲ್ಲರಿಗೂ ಮಾಮೂಲಾಗಿ ಕೊಡಬೇಡಿ ಎಂದು ಅಮೆರಿಕದ ಮೂಳೆ ತಜ್ಞರ ಸಂಘವೂ 2021ರಲ್ಲಿ ಹೇಳಿದೆ. ಆರಂಭದ ಸವೆತದಲ್ಲಿ ಕೆಲವರಿಗೆ ಆರಾಮ ಸಿಗುತ್ತದೆ ಅನ್ನುವ ಡಾಕ್ಟರ್‌ಗಳೂ ಇದ್ದಾರೆ. ಆದರೆ ಸವೆದದ್ದು ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದೇ ವಸ್ತು ಬೇರೆ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೂ ನಿಜ. ಎಸಿ, ಧೂಳಿನಿಂದ ಕಣ್ಣು ಒಣಗಿದವರಿಗೆ ಕೊಡುವ ಎಷ್ಟೋ ಡ್ರಾಪ್ಸ್‌ನಲ್ಲಿ ಇದಿದೆ. ಕಣ್ಣಿನ ಪೊರೆ ಆಪರೇಷನ್‌ನಲ್ಲಿ 1980ರ ಸುಮಾರಿನಿಂದ ಬಳಕೆಯಲ್ಲಿದೆ. ಚರ್ಮದಡಿಯ ಈ ಜೆಲ್ಲನ್ನು ಸ್ವಲ್ಪ ಹೊತ್ತು ಕರಗಿಸುವ ಎಂಜೈಮ್ ಸೇರಿಸಿ, ಗಂಟೆಗಟ್ಟಲೆ ಡ್ರಿಪ್‌ನಲ್ಲಿ ಕೊಡುತ್ತಿದ್ದ ಒಂದು ಸ್ತನ ಕ್ಯಾನ್ಸರ್ ಔಷಧವನ್ನು ಈಗ ತೊಡೆಗೆ ಐದೇ ನಿಮಿಷದಲ್ಲಿ ಚುಚ್ಚುತ್ತಾರೆ.

ಮತ್ತೆ ಮೊಣಕಾಲಿಗೆ ಬಂದರೆ, ರಜೆಯ ಲೆಕ್ಕ ಮುಖ್ಯ. ಕೆಲವು ಔಷಧ ಒಂದೇ ಸಲ, ಕೆಲವು ವಾರಕ್ಕೊಂದರಂತೆ ಮೂರರಿಂದ ಐದು. ಮೂರು ವಾರದ ರಜೆಯಲ್ಲಿ ಐದು ಮುಗಿಯುವುದಿಲ್ಲ. ಗುಣ ಕಂಡರೂ ತಿಂಗಳೆರಡಾಗಬಹುದು, ಅಷ್ಟರಲ್ಲಿ ವಾಪಸ್ ಸೈಟ್‌ನಲ್ಲಿರುತ್ತಾರೆ. ಚುಚ್ಚಿದ ಎರಡು ದಿನ ಭಾರ ಎತ್ತುವಂತಿಲ್ಲ. ಬದಲಿಗೆ ಸ್ಟೀರಾಯ್ಡ್ ಕೊಡುತ್ತೇನೆ ಅಂದರೆ, ಶುಗರ್ ಇದ್ದವರು ಅದನ್ನು ಹೇಳಲೇಬೇಕು. ಕೆಲವು ದಿನ ಶುಗರ್ ಏರುತ್ತದೆ. ತೂಕ ಇಳಿಸುವುದು, ತೊಡೆಯ ಸ್ನಾಯುವಿಗೆ ಫಿಸಿಯೋಥೆರಪಿ, ಮಂಡಿಗೆ ನೀ-ಪ್ಯಾಡ್: ಇವು ಅಗ್ಗ, ಪುರಾವೆಯೂ ಹೆಚ್ಚು.

ಹಾಕಿಸಿಕೊಂಡವರು ಔಷಧದ ಹೆಸರು, ತಾರೀಖು ಇರುವ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಆಮೇಲೆ ಮೊಣಕಾಲು ಕೆಂಪಾಗಿ ಊದಿ ಜ್ವರ ಬಂದರೆ ರೂಮಿನಲ್ಲಿ ಮಲಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ ಆ ಚೀಟಿ ತೋರಿಸಿ.