ಮುಟುರು, ಸುಕ್ಕು, ಡೊಂಕು: ಯಾವ ಪದ ಎಲ್ಲಿಗೆ?

ಧಾರವಾಡ: ಬಿಸಿಲು, ಮಳೆ, ವಯಸ್ಸು ಅಥವಾ ರೋಗದಿಂದ ಸಹಜ ಆಕಾರ ಕಳೆದುಕೊಂಡ ವಸ್ತುಗಳನ್ನು ಬಣ್ಣಿಸಲು ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ. ಆದರೆ ನಗರದ ಬರವಣಿಗೆಯಲ್ಲಿ ಡೊಂಕು, ಗಂಟು, ಸುಕ್ಕು, ಮುಟುರು ಎಂಬ ಪದಗಳು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಕೆಯಾಗುವುದುಂಟು. ಕುಂದಗೋಳ, ನವಲಗುಂದ ಭಾಗದ ಹೊಲಗಳಲ್ಲಿ ಮಾತ್ರ ಪದ ತಪ್ಪಿದರೆ ಬೆಳೆಯೇ ಕೈತಪ್ಪಬಹುದು.

‘ಡೊಂಕು’ ನೇರವಲ್ಲದ್ದನ್ನು ಸೂಚಿಸುತ್ತದೆ. ‘ಬದುವಿನ ಜಾಲಿ ಡೊಂಕಾಗಿ ಬೆಳೆದಿದೆ’ ಎಂಬುದು ಸರಿಯಾದ ಪ್ರಯೋಗ. ಅದೇ ಮರದ ಕೊಂಬೆ ಮುರಿದ ಜಾಗ ಉಬ್ಬಿ ಗಟ್ಟಿಯಾದರೆ ಅದು ‘ಗಂಟು’. ‘ದುಡಿದು ದುಡಿದು ಅಜ್ಜನ ಬೆರಳು ಗಂಟುಗಟ್ಟಿವೆ’ ಎಂದಾಗ ಶ್ರಮಕ್ಕೆ ಗೌರವ ಸಲ್ಲುತ್ತದೆ. ಆ ಬೆರಳುಗಳನ್ನೇ ‘ಸೊಟ್ಟ’ ಎಂದರೆ ಅವಹೇಳನವಾಗುತ್ತದೆ.

‘ಸುಕ್ಕು’ ಎಲ್ಲೆಡೆ ದೋಷವಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುರುತೇ ಗಾಢ ಕೆಂಪು ಬಣ್ಣ ಹಾಗೂ ಮೈತುಂಬ ಸುಕ್ಕು. ‘ಕಾಯಿ ಸುಕ್ಕುಸುಕ್ಕಾಗಿದೆ’ ಎಂಬ ಮಾತು ಮಾರುಕಟ್ಟೆಯಲ್ಲಿ ಹೊಗಳಿಕೆ.

ಆದರೆ ಅದೇ ಗಿಡದ ಎಲೆ ಸುರುಟಿಕೊಂಡರೆ ಅದು ‘ಮುಟುರು’, ಅರ್ಥಾತ್ ರೋಗ. ‘ಗಿಡಕ್ಕ ಮುಟುರು ಬಂದೈತ್ರಿ’ ಎಂದಷ್ಟೇ ಹೇಳಿ ಔಷಧಿ ಅಂಗಡಿಯಿಂದ ಡಬ್ಬಿ ತಂದರೆ ಹಣ ವ್ಯರ್ಥವಾಗುವ ಸಂಭವ ಹೆಚ್ಚು. ಏಕೆಂದರೆ ಈ ಒಂದೇ ಪದದ ಹಿಂದೆ ಹಲವು ಕಾರಣಗಳಿವೆ.

ಎಲೆಯ ಅಂಚು ಮೇಲ್ಮುಖವಾಗಿ, ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಮುಖವಾಗಿ, ಬೋರಲು ಹಾಕಿದ ದೋಣಿಯಂತೆ ಬಾಗಿದ್ದರೆ ಮೈಟ್ ನುಸಿ ಕಾರಣ. ಮೊದಲನೆಯದು ಆರು ಕಾಲಿನ ಕೀಟ. ಎರಡನೆಯದು ಎಂಟು ಕಾಲಿನ, ಜೇಡನ ಬಳಗಕ್ಕೆ ಸೇರಿದ ಜೀವಿ. ಹೀಗಾಗಿ ಕೀಟಕ್ಕೆ ಹೊಡೆಯುವ ಅನೇಕ ಔಷಧಿಗಳು ಮೈಟ್‌ಗೆ ತಾಗುವುದಿಲ್ಲ. ಎಲೆಗಳು ಕಿರಿದಾಗಿ ಗಿಡವೇ ಗಿಡ್ಡವಾಗಿ ಉಳಿದರೆ ಬಿಳಿನೊಣ ಹರಡುವ ನಂಜುರೋಗದ ಶಂಕೆ ಇರುತ್ತದೆ. ನಂಜು ತಗುಲಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ. ಬಿಳಿನೊಣವನ್ನು ಹತೋಟಿಯಲ್ಲಿಟ್ಟು ಉಳಿದ ಗಿಡಗಳನ್ನು ಕಾಪಾಡಿಕೊಳ್ಳಬೇಕಷ್ಟೆ.

ಆದ್ದರಿಂದ ತಜ್ಞರ ಮುಂದೆ ‘ಮುಟುರು’ ಪದವನ್ನು ಪೂರ್ಣ ವಾಕ್ಯದಲ್ಲಿ ಬಳಸುವುದು ಒಳಿತು: ‘ಸುಳಿ ಎಲೆ ಮೇಲ್ಮುಖವಾಗಿ ಮುಟುರಿದೆ’ ಅಥವಾ ‘ಎಲೆ ಕೆಳಮುಖವಾಗಿ ಮುಟುರಿ, ತೊಟ್ಟು ಉದ್ದವಾಗಿದೆ’. ಜೊತೆಗೆ ರೋಗ ತಗುಲಿದ ಎಲೆಯನ್ನೂ ಒಯ್ದರೆ ಇನ್ನೂ ಉತ್ತಮ.

2021-22ರ ಹಂಗಾಮಿನಲ್ಲಿ ಹೊಸ ಬಗೆಯ ಕಪ್ಪು ಥ್ರಿಪ್ಸ್ ಹಾವಳಿಯಿಂದ ದಕ್ಷಿಣದ ರಾಜ್ಯಗಳ ಮೆಣಸಿನಕಾಯಿ ಬೆಳೆಗಾರರು ತತ್ತರಿಸಿದ್ದರು. ಅಂಥ ಸಂದರ್ಭದಲ್ಲಿ ಕಂಡದ್ದನ್ನು ಕಂಡಂತೆ ಹೇಳಬಲ್ಲ ಒಂದು ಸರಿಯಾದ ಪದಕ್ಕೆ ಒಂದು ಸಿಂಪಡಣೆಯಷ್ಟೇ ಬೆಲೆಯಿದೆ.