ಕಾರಿನ ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಕಾರಿನ ಮುಂಬಾಗಿಲಿನ ಡೋರ್ ಪ್ಯಾಡ್ ಬಿಚ್ಚಿ, ಕಂಪನಿಯವರು ಕೂರಿಸಿ ಕಳಿಸಿದ ಸ್ಪೀಕರನ್ನು ಹೊರತೆಗೆದವರಿಗೆ ಮೊದಲು ಅಚ್ಚರಿ ತರುವುದು ಅದರ ಹಗುರ. ಪ್ಲಾಸ್ಟಿಕ್ ಚೌಕಟ್ಟು, ತೆಳು ಕಾಗದದ ಶಂಕು, ಬೆನ್ನಿಗೊಂದು ಪುಟ್ಟ ಅಯಸ್ಕಾಂತ. ಹೊಸದಾಗಿ ಕೊಂಡು ತಂದ ಸ್ಪೀಕರ್ ಅದರ ಎರಡು ಮೂರು ಪಟ್ಟು ತೂಗುವುದೂ ಉಂಟು. ತೂಕದಲ್ಲೇ ಇಷ್ಟು ಅಂತರವಿದ್ದರೆ ದನಿಯಲ್ಲಿ ಇನ್ನೆಷ್ಟಿರಬಹುದು ಎಂದು ಆಸೆಪಟ್ಟು ಜೋಡಿಸಿ ಹಾಡು ಹಾಕುತ್ತಾರೆ. ತಾಳದ ಕಿಣಿಕಿಣಿ ತಿಳಿಯಾಗಿದೆ, ಗಾಯಕಿಯ ಉಸಿರೂ ಕೇಳಿಸುತ್ತಿದೆ, ಆದರೆ ಡೊಳ್ಳಿನ ಗುದ್ದು ಎಲ್ಲೋ ಸೋರಿಹೋಗಿದೆ. ಇದರಲ್ಲಿ ಸ್ಪೀಕರಿನ ತಪ್ಪು ಕಡಿಮೆ. ಅದು ಕೂತ ಬಾಗಿಲನ್ನು ಯಾರೂ ಗಮನಿಸಿಲ್ಲ, ಅಷ್ಟೆ.

ಸ್ಪೀಕರ್ ಬಲು ಸರಳ ಯಂತ್ರ. ಅಯಸ್ಕಾಂತದ ಕಿರುಸಂದಿಯಲ್ಲಿ ತಾಮ್ರದ ತಂತಿಯ ಸುರುಳಿಯೊಂದು ತೂಗಿಕೊಂಡಿರುತ್ತದೆ. ಸ್ಟೀರಿಯೊದಿಂದ ಬರುವ ವಿದ್ಯುತ್ತು ದಿಕ್ಕು ಬದಲಿಸಿದಂತೆಲ್ಲ ಸುರುಳಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ತನಗೆ ಅಂಟಿಕೊಂಡ ಶಂಕುವನ್ನೂ ಸರಿಸುತ್ತದೆ. ಶಂಕು ಗಾಳಿಯನ್ನು ತಳ್ಳಿದಾಗ, ಎಳೆದಾಗ ಸದ್ದು ಹುಟ್ಟುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಕಹಳೆಯ ಹಂಗಿಲ್ಲದ ಇಂಥ ಸ್ಪೀಕರನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ನೂರು ವರ್ಷವಾದರೂ ಅದರ ಮೂಲರೂಪ ಬದಲಾಗಿಲ್ಲ.

ಈ ಸರಳತೆಯಲ್ಲೇ ಒಂದು ತೊಡಕಿದೆ. ಶಂಕು ಮುಂದೆ ಸರಿದಾಗ ಅದರೆದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ಹುಟ್ಟುವುದು ಎರಡು ಅಲೆ, ಒಂದು ಇನ್ನೊಂದಕ್ಕೆ ತದ್ವಿರುದ್ಧ. ಎರಡೂ ಕೂಡಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 10,000 ಹರ್ಟ್ಸ್‌ನ ಕೀರಲು ಸದ್ದಿನ ಅಲೆಯುದ್ದ ಮೂರೂವರೆ ಸೆಂಟಿಮೀಟರಿಗೂ ತುಸು ಕಡಿಮೆ. 80 ಹರ್ಟ್ಸ್‌ನ ಗುದ್ದಿನ ಅಲೆಯುದ್ದ ನಾಲ್ಕು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಆರೂವರೆ ಇಂಚಿನ ಸ್ಪೀಕರಿನ ಅಂಚು ಬಳಸಿ ಆಚೆ ಬದಿಗೆ ಹೋಗುವುದು ಏನೇನೂ ಕಷ್ಟವಲ್ಲ. ಬಿಚ್ಚಿಟ್ಟ ಹಳೆಯ ಸ್ಪೀಕರಿಗೆ ತಂತಿ ಕೊಟ್ಟು, ಬರಿದಾಗಿ ಮೇಜಿನ ಮೇಲಿಟ್ಟು, ಸಣ್ಣ ದನಿಯಲ್ಲಿ ಹಾಡು ಹಾಕಿ ನೋಡಿ: ಬರೀ ತೆಳು ಸದ್ದು. ದೊಡ್ಡದೊಂದು ರಟ್ಟಿನ ನಡುವೆ ತೂತು ಕೊರೆದು ಅದಕ್ಕೆ ಸ್ಪೀಕರನ್ನು ಒತ್ತಿಹಿಡಿಯಿರಿ: ಅದೇ ಹಾಡಿಗೆ ಮೈ ಬರುತ್ತದೆ. ಮುಂದಿನ ಅಲೆ ಹಿಂದಿನದನ್ನು ಸುಲಭವಾಗಿ ಸೇರದಂತೆ ರಟ್ಟು ತಡೆದದ್ದೇ ಇದಕ್ಕೆ ಕಾರಣ. ಮನೆಯಲ್ಲಿ ಮಕ್ಕಳಿದ್ದರೆ ಅವರೆದುರೇ ಮಾಡಿ ತೋರಿಸಬೇಕಾದ ಪ್ರಯೋಗ ಇದು.

ಕಾರಿನಲ್ಲಿ ಆ ರಟ್ಟಿನ ಕೆಲಸ ಬಾಗಿಲಿನದು. ಬಾಗಿಲೆಂದರೆ ಎರಡು ತಗಡು, ನಡುವೆ ಗಾಜು ಇಳಿಯುವ ಟೊಳ್ಳು. ಪವರ್ ವಿಂಡೋ ಮೋಟಾರು, ಲಾಕು ಇವುಗಳಿಗೆ ಕೈ ಹಾಕಲೆಂದು ಒಳತಗಡಿನಲ್ಲಿ ದೊಡ್ಡ ದೊಡ್ಡ ಕಂಡಿಗಳಿರುತ್ತವೆ. ಕೆಲವು ಕಾರುಗಳಲ್ಲಿ ಅವಕ್ಕೆ ಗಟ್ಟಿ ಪ್ಲಾಸ್ಟಿಕ್ ಫಲಕದ ಮುಚ್ಚಳವಿರುತ್ತದೆ. ಅಗ್ಗದ ಹಲವು ಕಾರುಗಳಲ್ಲಿ ತೆಳುವಾದೊಂದು ಪ್ಲಾಸ್ಟಿಕ್ ಹಾಳೆ, ಅಂಚಿಗೆ ಕಪ್ಪು ಅಂಟು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದೂ ಈ ಹಾಳೆಯೇ. ಗಾಜು ಕೆಟ್ಟಿತೆಂದು ಗ್ಯಾರೇಜಿಗೆ ಹೋದಾಗ ಅದನ್ನು ಹರಿದು ಕೆಲಸ ಮುಗಿಸಿ, ಹಾಗೆಯೇ ಪ್ಯಾಡ್ ಹೊದಿಸಿ ಕಳಿಸುವುದು ತೀರಾ ಸಾಮಾನ್ಯ. ಆ ವರ್ಷ ಮಲೆನಾಡಿನ ಮಳೆಯಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ, ಹಾಡಿನ ಮಂದ್ರವೂ ಬಡವಾಗುತ್ತದೆ. ಎರಡಕ್ಕೂ ಕಾರಣ ಒಂದೇ ಎಂದು ಯಾರಿಗೂ ಹೊಳೆಯುವುದಿಲ್ಲ. ತೂತುಬಿದ್ದ ತಿದಿ ಎಷ್ಟು ಒತ್ತಿದರೂ ಕುಲುಮೆಗೆ ಗಾಳಿ ಊದದು. ಕಂಡಿ ಮುಚ್ಚದ ಬಾಗಿಲಿಗೆ ಎಂಥ ದುಬಾರಿ ಸ್ಪೀಕರ್ ಕೂರಿಸಿದರೂ ಪಾಡು ಅದೇ.

ಆದ್ದರಿಂದ ನಾನು ಹೇಳುವುದು, ಮೊದಲ ಹಣ ಬಾಗಿಲಿಗೆ ಹೋಗಲಿ. ಒಳತಗಡಿನ ಕಂಡಿಗಳನ್ನು ಗಟ್ಟಿಯಾಗಿ ಮುಚ್ಚಬೇಕು. ಸ್ಪೀಕರಿನ ಅಂಚಿಗೂ ತಗಡಿಗೂ ನಡುವೆ ಫೋಮ್ ಪಟ್ಟಿ ಬೇಕು. ಹೊರತಗಡಿನ ಒಳಮೈಗೆ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ತಗಡಿನ ನಡುಕವನ್ನು ಆ ರಬ್ಬರು ಕಾವಾಗಿಸಿ ನುಂಗುತ್ತದೆ. ಬೆರಳಿಂದ ತಟ್ಟಿದರೆ ಡಬ್ಬದ ಸದ್ದು ಹೋಗಿ ಹಲಗೆಯ ಸದ್ದು ಬರಬೇಕು. ಇಡೀ ತಗಡಿಗೆ ಹೊದಿಸಬೇಕಾದ್ದಿಲ್ಲ, ಹೆಚ್ಚು ನಡುಗುವ ನಡುಭಾಗಕ್ಕೆ ಸಾಕು. ಅಗ್ಗವೆಂದು ಡಾಂಬರಿನ ಶೀಟ್ ಹಾಕಿಸಿದರೆ ಬೇಸಿಗೆಯ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಬರುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿವೆ. ಅವನ್ನು ಮಾತ್ರ ಮುಚ್ಚಬಾರದು, ಮುಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ಕೆಲವು ಕಾರುಗಳು ಪಕ್ಕದಿಂದ ಗುದ್ದಿಸಿಕೊಂಡಾಗ ಏರ್‌ಬ್ಯಾಗ್ ಬಿಚ್ಚಲು, ಬಾಗಿಲಿನೊಳಗಿನ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರನ್ನು ನಂಬಿರುತ್ತವೆ. ಅಂಥ ಬಾಗಿಲಿನಲ್ಲಿ ಹೊಸ ತೂತು ಕೊರೆಯುವುದಾಗಲಿ, ಇದ್ದ ಮುಚ್ಚಳವನ್ನು ತೆಗೆದುಬಿಡುವುದಾಗಲಿ ಪ್ರಾಣದ ಜೊತೆ ಆಟ. ನಿಮ್ಮ ಕಾರಿನಲ್ಲಿ ಅದಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳದೆ ಮುಂದುವರಿಯಬೇಡಿ.

ಕಂಪನಿಯ ಸ್ಪೀಕರನ್ನು ಹೀಗಳೆಯುವುದು ನನಗೆ ಇಷ್ಟವಿಲ್ಲ. ಹಗುರವಾದ ಶಂಕು ಕಡಿಮೆ ವಿದ್ಯುತ್ತಿಗೇ ಮಿಸುಕುತ್ತದೆ, ಸ್ಟೀರಿಯೊದ ಪುಟ್ಟ ಆಂಪ್ಲಿಫೈಯರಿಗೆ ಅದು ಸರಿಯಾದ ಜೊತೆ. ಕಾಗದವೂ ಕಳಪೆ ವಸ್ತುವಲ್ಲ, ಬಲು ಬೆಲೆಯ ಸ್ಪೀಕರುಗಳಲ್ಲೂ ಕಾಗದದ ಶಂಕುಗಳಿವೆ. ಬಾಗಿಲಿನ ತೇವದಲ್ಲಿ ವರ್ಷಗಟ್ಟಲೆ ಇದ್ದಾಗ ಅದು ಸೊರಗುತ್ತದೆ. ಪಾಲಿಪ್ರೊಪಿಲೀನ್ ಶಂಕುವಿಗೆ ಆ ಭಯವಿಲ್ಲ.

ಈಗ ವಾಟ್ ವಿಚಾರ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 300 ವಾಟ್, 400 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಗಳು ಸಾಲಾಗಿ ಕೂತಿರುತ್ತವೆ. ಆ ಅಂಕಿ ಸ್ಪೀಕರ್ ಕ್ಷಣಮಾತ್ರ ತಡೆದುಕೊಳ್ಳಬಹುದಾದ ವಿದ್ಯುತ್ತಿನದು, ಅದು ಹೊರಡಿಸುವ ಸದ್ದಿನದಲ್ಲ. ಬೇರೆ ಆಂಪ್ಲಿಫೈಯರ್ ಇಲ್ಲದ ಸಾಮಾನ್ಯ ಸ್ಟೀರಿಯೊಗೆ ಸಿಗುವುದು 14.4 ವೋಲ್ಟ್. ಅದರಿಂದ 4 ಓಮ್‌ನ ಸ್ಪೀಕರಿಗೆ ಕೊಡಬಹುದಾದ ಶುದ್ಧ ವಿದ್ಯುತ್ತು ಲೆಕ್ಕದ ಪ್ರಕಾರವೇ 26 ವಾಟ್ ದಾಟದು, ನಷ್ಟ ಕಳೆದರೆ ಸುಮಾರು 20. ಹಾಗಿರುವಾಗ ನೋಡಬೇಕಾದ ಅಂಕಿ ಸೆನ್ಸಿಟಿವಿಟಿ: ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. ಇದರಲ್ಲಿ 3 ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಎರಡು ಪಟ್ಟು ವಿದ್ಯುತ್ತು ಬೇಕು. 92 ಡೆಸಿಬೆಲ್‌ನ ಸ್ಪೀಕರು ಕೂಡ ತನಗೆ ಕೊಟ್ಟದ್ದರಲ್ಲಿ ಸದ್ದಾಗಿಸುವುದು ನೂರಕ್ಕೆ ಒಂದು ಪಾಲು ಮಾತ್ರ. ಮಿಕ್ಕಿದ್ದು ಸುರುಳಿಯ ಕಾವು. ಭಾರದ ಶಂಕುವಿನ, 87 ಡೆಸಿಬೆಲ್‌ನ ಸ್ಪೀಕರನ್ನು ಸ್ಟೀರಿಯೊಗೆ ನೇರ ಜೋಡಿಸಿದವರು ದನಿ ಸಾಲದೆಂದು ಕೊರಗುವುದು ಇದರಿಂದಲೇ. ಅಂಥದ್ದಕ್ಕೆ ಬೇರೆ ಆಂಪ್ಲಿಫೈಯರ್ ಬೇಕೇ ಬೇಕು.

ಬಾಗಿಲಿನ ಸ್ಪೀಕರ್ ಇರುವುದು ಮೊಣಕಾಲಿನ ಕೆಳಗೆ. ಮಂದ್ರಕ್ಕೆ ಅದರಿಂದ ತೊಂದರೆಯಿಲ್ಲ, ಉದ್ದದ ಅಲೆ ಎಲ್ಲೆಡೆ ಹರಡುತ್ತದೆ. ಎತ್ತರದ ಸ್ವರಗಳು ನೇರ ಸಾಗಿ ಕಾಲಿಗೆ ಬಡಿದು ಮುಗಿಯುತ್ತವೆ. ಎತ್ತರದ ಸ್ವರ ನುಡಿಸುವ ಪುಟ್ಟ ಟ್ವೀಟರ್ ಬೇರೆಯಾಗಿರುವ ಕಾಂಪೊನೆಂಟ್ ಸೆಟ್ಟಿನ ಲಾಭ ಇಲ್ಲಿದೆ: ಟ್ವೀಟರನ್ನು ಕನ್ನಡಿಯ ಬಳಿ, ಕಿವಿಯ ಮಟ್ಟಕ್ಕೆ ಹತ್ತಿರ ಕೂರಿಸಬಹುದು. ಆ ಜಾಗ ಕಾರಿನಲ್ಲಿ ಮೊದಲೇ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಟ್ವೀಟರ್ ನಡುವಲ್ಲೇ ಇರುವ ಕೋಆಕ್ಸಿಯಲ್ ಸಾಕು.

ಕೊಳ್ಳುವ ಮುನ್ನ ಗಾಜನ್ನು ಪೂರ್ತಿ ಇಳಿಸಿ ಆಳ ಅಳೆಯಿರಿ; ಅಯಸ್ಕಾಂತ ಗಾಜಿಗೆ ತಾಗುವಂತಿದ್ದರೆ ಆ ಸ್ಪೀಕರ್ ನಿಮ್ಮದಲ್ಲ. ಹಳೆಯದರ ಮೇಲೆ 2 ಓಮ್ ಎಂದಿದೆಯೋ 4 ಓಮ್ ಎಂದಿದೆಯೋ ನೋಡಿ. 4 ಓಮ್‌ಗೆಂದು ಮಾಡಿದ ಸ್ಟೀರಿಯೊಗೆ 2 ಓಮ್‌ನದನ್ನು ಕೊಟ್ಟರೆ ಅದು ಕಾದು ಕೆಡಬಹುದು. ಕಂಪನಿಯ ವೈರ್ ಕತ್ತರಿಸಲು ಬಿಡಬೇಡಿ, ಹೆಚ್ಚಿನ ಕಾರುಗಳಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಪ್ಲಸ್ ಮೈನಸ್ ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣ ಮುಟ್ಟಿಸಿ. ಶಂಕು ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಬಾಗಿಲಿನದು ಅದಲುಬದಲಾದರೂ ಎಡಬಲದ ಮಂದ್ರಗಳು ಕಾರಿನೊಳಗೇ ಒಂದನ್ನೊಂದು ಅಳಿಸುತ್ತವೆ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತಿರಿ. ಬಿಚ್ಚಿದ ಪ್ಲಾಸ್ಟಿಕ್ ಹಾಳೆ ಸುತ್ತಲೂ ಅಂಟಿ ಕೂತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಡೋರ್ ಪ್ಯಾಡ್ ಹಾಕಲು ಹೇಳಿ.